ಅಮ್ಮನ ಉದ್ಯೋಗದ ಕಾಲಂ

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದಳು. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಏಕೆಂದರೆ ಬರೆಯಬೇಕಾಗಿದ್ದ ಕಡೆ ನಾನು ಬರೆಯಲಿಲ್ಲ.

ನಮ್ಮ ಮನೆ ಬೆಳ್ತಂಗಡಿ ತಾಲೂಕಿನಲ್ಲಿ, ವೇಣೂರಿನಿಂದ ಸ್ವಲ್ಪ ಒಳಗೆ. ಅಪ್ಪ ನನ್ನ ಐದನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಬಳಿಕ ಮನೆ ನಡೆದದ್ದು ಅಮ್ಮನ ತಡ್ಪೆಯಿಂದ. ತಡ್ಪೆ ಎಂದರೆ ತುಳುವಿನಲ್ಲಿ ಮೊರ. ಎಲೆ, ಹೊಗೆಸೊಪ್ಪಿನ ಪುಡಿ, ನೂಲು, ಕತ್ತರಿ ಎಲ್ಲ ಅದರಲ್ಲೇ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಅವಳ ಬೆರಳುಗಳು ತಾವಾಗಿಯೇ ನಡೆಯುತ್ತಿದ್ದವು, ಬಾಯಿ ಊರಿನ ಸುದ್ದಿ ಮಾತಾಡುತ್ತಿತ್ತು. ಶಾಲೆಯಿಂದ ಬಂದ ಮೇಲೆ ನಾನು ಬೀಡಿಯ ಬಾಯಿ ಮಡಚಿ ಕೊಡುತ್ತಿದ್ದೆ. ಹೈಸ್ಕೂಲಿನಲ್ಲಿ ಒಂದು ದಿನ ನನ್ನ ಪಕ್ಕ ಕೂತ ಹುಡುಗಿ ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋದಳು. ಅವಳ ಮನೆಯಲ್ಲಿಯೂ ಬೀಡಿ ಕಟ್ಟುತ್ತಿದ್ದರು ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಆ ದಿನದಿಂದ ನಾನು ಬೆಳಿಗ್ಗೆ ಎರಡೆರಡು ಸಲ ಸಾಬೂನು ಹಾಕಿ ಕೈ ತೊಳೆಯುವುದನ್ನು ಕಲಿತೆ.

ಪಿಯುಸಿ ಮುಗಿಸಿ ಮೂಡುಬಿದಿರೆಯ ಬಟ್ಟೆ ಅಂಗಡಿಯೊಂದರಲ್ಲಿ ಹದಿನೈದು ವರ್ಷ ನಿಂತೆ. ಸರಕಾರಿ ಪರೀಕ್ಷೆಗಳನ್ನು ಬರೆಯುತ್ತಲೇ ಇದ್ದೆ. ಫೀಸು ಕಟ್ಟುತ್ತಿದ್ದವಳು ಅಮ್ಮ. ವಯಸ್ಸಿನ ಮಿತಿ ಮುಗಿಯಲು ಸ್ವಲ್ಪ ಸಮಯ ಇರುವಾಗ ದ್ವಿತೀಯ ದರ್ಜೆ ಸಹಾಯಕಿಯ ಹುದ್ದೆ ಸಿಕ್ಕಿತು. ಬಂಟ್ವಾಳ ತಾಲೂಕಿನ ಒಂದು ಸರಕಾರಿ ಹೈಸ್ಕೂಲು. ಮೂಡುಬಿದಿರೆಯಿಂದ ಬಂಟ್ವಾಳದ ಬಸ್ಸು ಹಿಡಿದರೆ ಮುಕ್ಕಾಲು ಗಂಟೆ. ಮೂಡುಬಿದಿರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿ ಅಮ್ಮನನ್ನು ಕರೆದುಕೊಂಡು ಬಂದೆ. ಅವಳು ತಡ್ಪೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡೇ ಬಂದಳು.

ಅವಳಿಗೆ ಆಗಲೇ ಬೀಡಿ ಕೆಲಸದ ಪೆನ್ಷನ್ ಬರುತ್ತಿತ್ತು, ತೀರ ಸಣ್ಣ ಮೊತ್ತ. ಸುಮ್ಮನೆ ಕೂರುವ ಅಭ್ಯಾಸ ಇರಲಿಲ್ಲ. ವಾರದೊಳಗೆ ಪಕ್ಕದ ಮನೆಯ ಬ್ಯಾರಿ ಹೆಂಗಸಿನ ಗುರುತು ಮಾಡಿಕೊಂಡು, ಆಕೆಯ ಹೆಸರಿನ ಬೀಡಿ ಕಾರ್ಡಿನಲ್ಲಿ ಕಂಪನಿಯ ಬ್ರಾಂಚಿಗೆ ಬೀಡಿ ಕಳಿಸಲು ಶುರು ಮಾಡಿದಳು. ಜಗಲಿಯಲ್ಲೇ ಕೂತು ಕಟ್ಟುತ್ತಿದ್ದಳು. ಅದೇ ಓಣಿಯಲ್ಲಿ ನಮ್ಮ ಶಾಲೆಯ ಟೀಚರೊಬ್ಬರ ಮನೆ ಇತ್ತು.

"ಒಳಗೆ ಕೂತು ಕಟ್ಟಮ್ಮ. ಸರಕಾರಿ ಕೆಲಸದವಳ ಮನೆ ಇದು. ನೋಡಿದವರು ಎಂತ ಹೇಳ್ತಾರೆ?" ಅಂದೆ. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಹೇಳ್ತಾರೆ? ನಿನ್ನ ಸರಕಾರದವರು ಯಾರೂ ಬೀಡಿ ಸೇದುದಿಲ್ಲವಾ?" ಎಂದು ಅಮ್ಮ ನಕ್ಕಳು. ಆದರೆ ಮರುದಿನ ನಾನು ಶಾಲೆಯಿಂದ ಬರುವಾಗ ಜಗಲಿ ಖಾಲಿ ಇತ್ತು. ಅಡುಗೆಮನೆಯ ಹಿಂದಿನ ಇಕ್ಕಟ್ಟಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚಾಪೆ ಹಾಸಿಕೊಂಡಿದ್ದಳು. ಅಲ್ಲಿ ಗಾಳಿ ಆಡುತ್ತಿರಲಿಲ್ಲ. ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ಈಗ ನೆನೆಸಿಕೊಳ್ಳಲು ಕಷ್ಟವಾಗುತ್ತದೆ.

ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾದಾಗ ಅವಳ ಕೆಮ್ಮು ಜೋರಾಯಿತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುತ್ತಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟರು. ಶ್ವಾಸಕೋಶ ಹಾಳಾಗಿದೆ ಎಂದರು. ಬಿಲ್ಲು ಕಟ್ಟಲು ನನ್ನ ಬಳೆಗಳನ್ನು ಅಡವಿಟ್ಟೆ. ಔಷಧಿ ಮುಂದುವರಿಸಬೇಕಿತ್ತು, ಮನೆಗೆ ಉಸಿರಿನ ಯಂತ್ರವೂ ಬೇಕಿತ್ತು. ಆಸ್ಪತ್ರೆಗೆ ಕಟ್ಟಿದ ಹಣ ಹೇಗಾದರೂ ವಾಪಸು ಬಂದರೆ ಮಾತ್ರ ಅದು ಸಾಧ್ಯ ಎನ್ನುವ ಸ್ಥಿತಿ.

"ನಿಮಗೆ ಮೆಡಿಕಲ್ ಬಿಲ್ ಸಿಗ್ತದಲ್ಲ ಮೇಡಂ, ಯಾಕೆ ತಲೆಬಿಸಿ?" ಎಂದವರು ನಮ್ಮ ಪಿಟಿ ಮಾಸ್ಟ್ರು. ಅವರು ತಮ್ಮ ತಂದೆಯ ಆಪರೇಷನ್ನಿನ ಹಣ ಹಾಗೆ ತೆಗೆದುಕೊಂಡಿದ್ದರು. ಸ್ಟಾಫ್ ರೂಮಿನಲ್ಲಿ ಅರ್ಜಿ ನಮೂನೆ ಹರಡಿ ತೋರಿಸಿದರು. ಪ್ರತಿ ಬಿಲ್ಲಿಗೂ ಡಾಕ್ಟರ ಸಹಿ, ಬಿಡುಗಡೆ ಪತ್ರ, ಆಸ್ಪತ್ರೆಯ ಕೇಸ್ ಶೀಟಿನ ಪ್ರತಿ. ತಂದೆತಾಯಿ ಆದರೆ ಅವರು ನೌಕರರ ಜೊತೆಯಲ್ಲೇ ಇದ್ದಾರೆ, ನೌಕರರನ್ನೇ ಅವಲಂಬಿಸಿದ್ದಾರೆ ಎಂಬ ಪ್ರಮಾಣಪತ್ರ.

"ಅಮ್ಮನಿಗೆ ಆದಾಯ ಎಂತಾದ್ರೂ ಉಂಟಾ? ಆದಾಯ ಇದ್ರೆ ಸ್ವಲ್ಪ ರಗಳೆ," ಅಂದರು.

ಮೇಜಿನ ಸುತ್ತ ನಾಲ್ಕು ಜನ ಟೀಚರುಗಳಿದ್ದರು. ನಮ್ಮ ಓಣಿಯವರೂ ಇದ್ದರು.

"ಇಲ್ಲ. ಅಮ್ಮ ಮನೆಯಲ್ಲೇ ಇರುದು," ಅಂದೆ.

ಒಂದು ಕ್ಷಣವೂ ಯೋಚಿಸಲಿಲ್ಲ. ಎಷ್ಟು ಆದಾಯ ಇದ್ದರೆ ರಗಳೆ ಎಂದು ಕೇಳಬಹುದಿತ್ತು. ಕೇಳಿದರೆ ಅವಳಿಗೆ ಎಲ್ಲಿಂದ ಬರುತ್ತದೆ ಎಂದು ಹೇಳಬೇಕಾಗುತ್ತಿತ್ತು. ನಿಯಮದ ಪುಸ್ತಕ ನಮ್ಮ ಆಫೀಸಿನ ಕಪಾಟಿನಲ್ಲೇ ಇತ್ತು. ಕಪಾಟಿನ ಕೀ ಇದ್ದದ್ದು ನನ್ನ ಬಳಿ.

ಪ್ರಮಾಣಪತ್ರವನ್ನು ಮೂಡುಬಿದಿರೆಯಲ್ಲಿ ಟೈಪ್ ಮಾಡಿಸಿದೆ. ಸಂಜೆ ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ. ಅವಳು ನಾಲ್ಕನೆಯ ಕ್ಲಾಸಿನವರೆಗೆ ಕಲಿತವಳು. ಸುಮ್ಮನೆ ಸಹಿ ಹಾಕುವವಳಲ್ಲ, ಬ್ರಾಂಚಿನ ಲೆಕ್ಕವನ್ನೂ ಓದಿಯೇ ಸಹಿ ಹಾಕುತ್ತಿದ್ದಳು. ದಿಂಬಿಗೆ ಒರಗಿ, ಬೆರಳನ್ನು ಒಂದೊಂದು ಅಕ್ಷರದ ಕೆಳಗೆ ಎಳೆಯುತ್ತ ಗಟ್ಟಿಯಾಗಿ ಓದಿದಳು. "ನನಗೆ ಯಾವುದೇ ಉದ್ಯೋಗವಾಗಲಿ... ಸ್ವಂತ ಆದಾಯವಾಗಲಿ... ಇರುವುದಿಲ್ಲ. ನಾನು ಸಂಪೂರ್ಣವಾಗಿ..." ಅಲ್ಲಿ ಉಸಿರು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, "...ನನ್ನ ಮಗಳನ್ನು ಅವಲಂಬಿಸಿರುತ್ತೇನೆ."

ನಾನು ಬಾಗಿಲ ಕಡೆ ನೋಡುತ್ತಿದ್ದೆ.

"ಇದು ಬ್ರಾಂಚಿನವರಿಗೆ ಹೋಗುದಿಲ್ಲ ಅಲ್ವಾ? ನನ್ನ ಪೆನ್ಷನ್ ನಿಲ್ಲಿಸಿಯಾರು," ಅಂದಳು.

"ಇಲ್ಲಮ್ಮ. ಇದು ನಮ್ಮ ಆಫೀಸಿಗೆ ಮಾತ್ರ. ಹೀಗೆ ಬರೆದರೆ ಮಾತ್ರ ಹಣ ಸಿಗುದು."

"ಅಂದರೆ ನಾನು ಕೂತು ತಿನ್ನುವವಳು ಅಂತ." ಅವಳು ಪೆನ್ನಿನ ಮುಚ್ಚಳ ತೆಗೆದಳು. "ಆವು. ಕಾಗದದಲ್ಲಿ ಆದ್ರೂ ಒಂದು ಸಲ ಕೂತು ತಿಂದೆ ಅಂತ ಆಗ್ಲಿ." ತುಳುವಿನ ಆ 'ಆವು' ಎಂಬುದಕ್ಕೆ 'ಆಗಲಿ ಬಿಡು' ಎಂದಷ್ಟೇ ಅರ್ಥ. ಅವಳು ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಸಹಿ ಹಾಕಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ನಾನು ಹೊರಡುವಾಗ, "ಉಳಿದ ಎಲೆ, ಪುಡಿ ಎಲ್ಲ ಪಕ್ಕದ ಮನೆಗೆ ಕೊಟ್ಟುಬಿಡು. ತಡ್ಪೆಯನ್ನೂ ಕೊಡು. ಯಾರಾದ್ರೂ ನೋಡಲಿಕ್ಕೆ ಬಂದ್ರೆ ನಿನಗೆ ತೊಂದರೆ," ಎಂದಳು. ಅವಳಿಗೆ ಅಷ್ಟರಲ್ಲಿ ಕಟ್ಟುವ ಶಕ್ತಿಯೇನೂ ಇರಲಿಲ್ಲ. ಆದರೂ ಮಂಚದ ಕೆಳಗೆ ಎಲ್ಲವನ್ನೂ ಇಟ್ಟುಕೊಂಡಿದ್ದಳು. ನಾನು ಬೇಡ ಎನ್ನಲಿಲ್ಲ. ಬಸ್ಸಿಗೆ ಹೊತ್ತಾಗಿದ್ದರೂ ನಿಂತು, ಎಲ್ಲ ಎತ್ತಿಕೊಂಡು ಹೋಗಿ ಕೊಟ್ಟು ಬಂದೆ. ಬಳಿಕ ಅವಳು ಹಗಲಿಡೀ ಹೊದಿಕೆಯ ಅಂಚನ್ನು ಸುರುಳಿ ಸುತ್ತುತ್ತ ಮಲಗಿರುತ್ತಿದ್ದಳು.

ಬಿಲ್ಲು ಶಾಲೆಯಿಂದ ಬಿ.ಸಿ.ರೋಡಿನಲ್ಲಿರುವ ಮೇಲಿನ ಕಚೇರಿಗೆ ಹೋಯಿತು. ನಾಲ್ಕು ವಾರದೊಳಗೆ ಅಮ್ಮನನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರನೆಯ ದಿನ ಬೆಳಿಗ್ಗೆ, ನಾನು ಕೆಳಗೆ ಔಷಧಿ ತರಲು ಹೋಗಿದ್ದಾಗ, ಅವಳು ಹೋದಳು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ ಶಾಲೆಗೆ ಹೋದ ದಿನ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು ಒಂದು ಪತ್ರ ಕೊಟ್ಟರು. "ಇವತ್ತೇ ಕೊಡಬಾರದಿತ್ತು. ಆದ್ರೆ ಉತ್ತರಕ್ಕೆ ದಿನ ಕೊಟ್ಟಿದ್ದಾರೆ," ಎಂದು ಮೆಲ್ಲಗೆ ಹೇಳಿದರು. ನನ್ನ ಬಿಲ್ಲಿಗೆ ಆಕ್ಷೇಪಣೆ ಬಂದಿತ್ತು. ರೋಗಿಯ ಕೇಸ್ ಶೀಟಿನಲ್ಲಿ ಉದ್ಯೋಗ ಬೀಡಿ ಕೆಲಸ, ನಲವತ್ತೆರಡು ವರ್ಷ ಎಂದು ನಮೂದಾಗಿರುತ್ತದೆ. ಸದರಿಯವರಿಗೆ ಉದ್ಯೋಗ, ಆದಾಯ ಇಲ್ಲವೆಂಬ ಪ್ರಮಾಣಪತ್ರಕ್ಕೆ ಇದು ತಾಳೆಯಾಗುವುದಿಲ್ಲ. ಸಮಜಾಯಿಷಿ ನೀಡುವುದು.

ಕೇಸ್ ಶೀಟನ್ನು ನಾನು ಓದದೆಯೇ ಬಿಲ್ಲಿಗೆ ಲಗತ್ತಿಸಿದ್ದೆ. ಆದರೆ ಆ ಸಾಲು ಹೇಗೆ ಬಂತೆಂದು ನನಗೆ ಗೊತ್ತಿತ್ತು. ಮೊದಲ ಸಲ ಸೇರಿಸಿದ ದಿನ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಹಾಸಿಗೆಯ ಪಕ್ಕ ನಿಂತು ಬರೆದುಕೊಳ್ಳುತ್ತಿದ್ದರು. "ಅಮ್ಮ ಎಂತ ಕೆಲಸ ಮಾಡ್ತಾರೆ?" ಎಂದು ನನ್ನನ್ನು ಕೇಳಿದರು. "ಮನೆಯಲ್ಲೇ," ಅಂದೆ. ಅಮ್ಮ ಮುಖದ ಮಾಸ್ಕನ್ನು ಕೈಯಿಂದ ಎತ್ತಿ ಹಿಡಿದು, ತುಂಡು ತುಂಡು ಉಸಿರಿನಲ್ಲಿ, ತನಗೆ ಬರುವ ಕನ್ನಡದಲ್ಲಿ ಹೇಳಿದಳು: "ಬೀಡಿ, ಡಾಕ್ಟ್ರೇ. ನಲವತ್ತೆರಡು ವರ್ಷ. ದಿನಕ್ಕೆ ಸಾವಿರ ಕಟ್ಟಿದ್ದೇನೆ."

"ಸಾವಿರವಾ!" ಡಾಕ್ಟರು ತಲೆಯೆತ್ತಿದರು.

"ಬ್ರಾಂಚಿನಲ್ಲಿ ಕೇಳಿ ಬೇಕಾದ್ರೆ. ಒಂದೂ ತೆಗೆದು ಬಿಸಾಡುದಿಲ್ಲ ನನ್ನದು." ಅವಳ ಮುಖದಲ್ಲಿ ಆಗ ಬಂದ ಕಳೆಯನ್ನು ನಾನು ಕಂಡಿದ್ದೆ. ಪಕ್ಕದ ಹಾಸಿಗೆಯವರು ಕೇಳಿಸಿಕೊಂಡರೇ ಎಂದು ನೋಡುತ್ತಿದ್ದೆ, ಅದೂ ನೆನಪಿದೆ.

ಇಷ್ಟೆಲ್ಲ ನೆನಪಿದ್ದೂ, ಆ ಸಂಜೆ ಶಾಲೆಯ ನನ್ನ ಮೇಜಿನಲ್ಲೇ ಕೂತು ಸಮಜಾಯಿಷಿ ಬರೆದೆ. 'ನನ್ನ ತಾಯಿಯವರು ಯಾವುದೇ ಕೆಲಸ ಮಾಡಿಕೊಂಡಿರಲಿಲ್ಲ. ಆಸ್ಪತ್ರೆಯವರು ಕಣ್ತಪ್ಪಿನಿಂದ ಹಾಗೆ ನಮೂದಿಸಿರುತ್ತಾರೆ.' ಅಮ್ಮ ಸತ್ತು ಹದಿನೈದು ದಿನ ಆಗಿತ್ತು. ಇನ್ನು ಉಸಿರಿನ ಯಂತ್ರವೂ ಬೇಕಿರಲಿಲ್ಲ. ಬಿಲ್ಲು ಬಿಟ್ಟುಬಿಡಬಹುದಿತ್ತು. ಆದರೆ ಸುಳ್ಳು ಹೇಳಿದವಳು ಎಂದು ಕೆಲಸಕ್ಕೇ ಕುತ್ತು ಬಂದರೆ ಎಂಬ ಹೆದರಿಕೆ ಹತ್ತಿಕೊಂಡಿತ್ತು.

ಮರುದಿನ ಅದನ್ನು ಹಿಡಿದುಕೊಂಡು ಬಿ.ಸಿ.ರೋಡಿಗೆ ಹೋದೆ. ಬಿಲ್ಲುಗಳನ್ನು ನೋಡುವವರು ನನಗಿಂತ ಹತ್ತು ವರ್ಷ ದೊಡ್ಡ ಹೆಂಗಸು. ಕನ್ನಡಕವನ್ನು ಹಣೆಯಿಂದ ಇಳಿಸಿ ನನ್ನ ಕಾಗದ ಓದಿದರು. ಮತ್ತೊಮ್ಮೆ ಓದಿದರು.

"ಇವರು ಬೀಡಿ ಕಟ್ಟಲೇ ಇಲ್ಲವಾ?"

ನಾನು ಆಕ್ಷೇಪಣೆಯ ಪತ್ರವನ್ನೂ ಅವರ ಮುಂದೆ ಇಟ್ಟೆ.

"ಪೆನ್ಷನ್ ಬರ್ತಿತ್ತಾ?"

"ಬರ್ತಿತ್ತು."

"ಎಷ್ಟು?"

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಂತ ಮಾರಾಯ್ತಿ ನೀವು! ಅವಲಂಬಿತರ ಆದಾಯಕ್ಕೆ ಒಂದು ಮಿತಿ ಅಂತ ಉಂಟು. ಅದರ ಒಳಗೆ ಇದ್ರೆ ಆಯ್ತು. ನಿಮ್ಮ ಅಮ್ಮನ ಪೆನ್ಷನ್, ಕಟ್ಟಿದ ಮಜೂರಿ ಎಲ್ಲ ಸೇರಿಸಿದ್ರೂ ಅದರ ಹತ್ತಿರಕ್ಕೂ ಬರುದಿಲ್ಲ. ಇದ್ದದ್ದು ಇದ್ದ ಹಾಗೆ ಬರೆದಿದ್ರೆ ನಿಮ್ಮ ಬಿಲ್ಲು ಆಗಲೇ ಪಾಸಾಗ್ತಿತ್ತು."

"ನನಗೆ ಗೊತ್ತಿರಲಿಲ್ಲ ಮೇಡಂ. ಹೊಸಬಳು."

"ಕೇಳ್ಬಹುದಿತ್ತಲ್ಲ. ಬೀಡಿ ಅಂತ ಬರೀಲಿಕ್ಕೆ ಎಂತ ನಾಚಿಕೆ? ಈ ಬಂಟ್ವಾಳದಲ್ಲಿ ಬೀಡಿ ಕಟ್ಟದ ಮನೆ ಎಷ್ಟುಂಟು? ಈ ಕೋಣೆಯಲ್ಲೇ ಕೇಳುವ ಬೇಕಾದ್ರೆ." ಆಚೆ ಮೇಜಿನ ಗಂಡಸು ತಲೆಯೆತ್ತದೆಯೇ ಎರಡು ಬೆರಳೆತ್ತಿ, "ನಮ್ಮಲ್ಲಿ ಇಬ್ಬರು. ಅಮ್ಮ ಮತ್ತೆ ಅಕ್ಕ," ಅಂದರು.

ಹೊಸಬಳಾದ್ದರಿಂದ ಗೊತ್ತಿರಲಿಲ್ಲ ಎಂದು ನಾನು ಹೇಳಿದ್ದು ಪೂರ್ತಿ ನಿಜವಲ್ಲ ಎಂದು ಆಕೆಗೆ ತಿಳಿದುಹೋಗಿತ್ತು. ಆ ನಿಯಮವನ್ನು ನಾನು ಹುಡುಕಲಿಲ್ಲ. ಗೊತ್ತಿಲ್ಲದಿರುವುದೇ ನನಗೆ ಅನುಕೂಲವಾದ ನೆಪವಾಗಿತ್ತು. ಬೀಡಿ ಎಂಬ ಎರಡಕ್ಷರವನ್ನು ಬರೆಯದಿರಲು ಸರಕಾರವೇ ಹೇಳಿದೆ ಎಂದು ನಂಬಲು ನನಗೆ ಇಷ್ಟವಿತ್ತು.

ಆಕೆ ನನ್ನ ಸಮಜಾಯಿಷಿಯನ್ನು ಮಡಚಿ ಹಿಂದಕ್ಕೆ ಕೊಟ್ಟರು. "ಇದನ್ನು ನಾನು ಟಪಾಲು ರಿಜಿಸ್ಟರಿಗೆ ಹತ್ತಿಸಿಲ್ಲ. ತೆಗೊಳ್ಳಿ. ಬೇರೆ ಬರೆದು ಕೊಡಿ. ಉದ್ಯೋಗ, ಎಷ್ಟು ವರ್ಷ, ಎಷ್ಟು ಆದಾಯ. ತಿಳಿಯದೆ ತಪ್ಪಾಗಿದೆ ಅಂತ ಕೊನೆಗೆ ಒಂದು ಸಾಲು." ಒಂದು ಬಿಳಿ ಹಾಳೆಯನ್ನೂ ಅವರೇ ಕೊಟ್ಟರು.

ಕಿಟಕಿಯ ಹತ್ತಿರದ ಬೆಂಚಿನಲ್ಲಿ ಕೂತು ಬರೆದೆ. ಉದ್ಯೋಗ: ಬೀಡಿ ಕೆಲಸ. ವರ್ಷದ ಜಾಗಕ್ಕೆ ಬಂದಾಗ, ಅಮ್ಮ ಯಾವ ವಯಸ್ಸಿನಲ್ಲಿ ಶುರು ಮಾಡಿದಳು, ಯಾರು ಅವಳಿಗೆ ಕಲಿಸಿದರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ ಎಂಬುದು ತಿಳಿಯಿತು. ಅವಳು ಡಾಕ್ಟರಿಗೆ ಹೇಳಿದ್ದು ಬಿಟ್ಟರೆ ನನ್ನ ಬಳಿ ಬೇರೆ ಲೆಕ್ಕವಿರಲಿಲ್ಲ. ಎದ್ದುಹೋಗಿ ಕಡತ ಕೇಳಿ, ಕೇಸ್ ಶೀಟು ನೋಡಿ, ನಲವತ್ತೆರಡು ಎಂದು ನಕಲು ಮಾಡಿಕೊಂಡೆ.

ಆಕೆ ನನ್ನ ಹಾಳೆಯನ್ನು ಕಡತಕ್ಕೆ ಸೇರಿಸಿ, ಮೂಲೆಯಲ್ಲಿ ಕೆಂಪು ಶಾಯಿಯಿಂದ ಪುಟಸಂಖ್ಯೆ ಹಾಕಿದರು. ಅದಕ್ಕೆ ಎಷ್ಟೋ ಪುಟ ಹಿಂದೆ ಅಮ್ಮನ ಪ್ರಮಾಣಪತ್ರವಿತ್ತು.

"ಇದು ಬಂದ ಮೇಲೆ ಆ ಹಾಳೆ ತೆಗೆಯಬಹುದಾ ಮೇಡಂ? ಅಮ್ಮ ಸಹಿ ಹಾಕಿದ್ದು?" ಎಂದು ಕೇಳಿದೆ.

"ಅದು ಹೇಗೆ ಆಗ್ತದೆ? ನಂಬರ್ ಬಿದ್ದಾಗಿದೆ. ಪುಟ ತಪ್ಪಿದ್ರೆ ನನ್ನನ್ನು ಕೇಳ್ತಾರೆ," ಅಂದರು. ಬಳಿಕ ನನ್ನ ಮುಖ ನೋಡಿ, ಸ್ವರ ಇಳಿಸಿ, "ಇರ್ಲಿ ಬಿಡಿ. ಅದರಿಂದ ಬಿಲ್ಲಿಗೆ ಎಂತ ತೊಂದರೆಯೂ ಇಲ್ಲ. ಇನ್ನು ಇದನ್ನು ಯಾರು ತೆಗೆದು ಓದ್ತಾರೆ?"

ಬಿಲ್ಲು ಮಂಜೂರಾಯಿತು. ಬಳೆಗಳನ್ನು ಬಿಡಿಸಿಕೊಂಡೆ, ಇನ್ನೂ ಹಾಕಿಕೊಂಡಿಲ್ಲ. ನನ್ನ ತಪ್ಪನ್ನು ನಾನು ಬರೆದು ತಿದ್ದಿಕೊಂಡೆ. ನನಗೆ ಆ ಅವಕಾಶ ಸಿಕ್ಕಿತು. ಅಮ್ಮನ ಹಾಳೆ ಮಾತ್ರ ಹಾಗೆಯೇ ಇದೆ. ತನಗೆ ಯಾವ ಉದ್ಯೋಗವೂ ಇಲ್ಲವೆಂದು ಅವಳೇ ಒಪ್ಪಿಕೊಂಡ ಹಾಗೆ, ಕೆಳಗೆ ಅವಳದೇ ಸಹಿ, ಒಂದೊಂದೇ ಅಕ್ಷರ ನಿಂತು ನಿಂತು ಬರೆದದ್ದು.