ದಶರಥ ಬಿಚ್ಚಿದ ಅಚ್ಚುಮೊಳೆ

ನಮ್ಮ ದಶರಥನಂಥ ಹಟಮಾರಿ ಕಂಪೋಜಿಟರ್ ವಿಜಾಪುರದ ಯಾವ ಛಾಪಖಾನೆಯಲ್ಲೂ ಇರಲಿಲ್ಲ. ನಾನು ಅಲ್ಲೇ ಅಚ್ಚಿನ ಮಶಿನ್ ತುಳಿಯುತ್ತಿದ್ದೆ. ಅವನ ಹಟಕ್ಕೆ ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು. ಗಿರಾಕಿ ಪ್ರೂಫಿಗೆ ಸಹಿ ಹಾಕುವ ತನಕ ಜೋಡಿಸಿದ ಅಚ್ಚುಮೊಳೆ ಬಿಚ್ಚಿ ಮತ್ತೆ ಖಾನೆಗೆ ಹಾಕಬಾರದು, ಇದು ಅವನ ನೇಮ. ಮಾಲಕರು ಹೇಳಿದರೂ ಕೇಳುತ್ತಿರಲಿಲ್ಲ.

೧೯೬೧ರ ಬೇಸಿಗೆಯಲ್ಲಿ ತಿಕೋಟಾದ ಹಣಮಂತರಾಯರು ಒಂದು ಕಟ್ಟಡದ ಉದ್ಘಾಟನೆಗೆಂದು ಇಂಗ್ಲಿಷ್ ವರದಿ ತಂದರು. ಆ ಪುಣ್ಯಾತ್ಮನಿಗೆ ಉದ್ದುದ್ದ ಶಬ್ದಗಳ ಹುಚ್ಚು. ಇನಾಗ್ಯುರೇಶನ್, ಅಡ್ಮಿನಿಸ್ಟ್ರೇಶನ್, ಕೋಆಪರೇಶನ್! ಎಲ್ಲದರ ಬಾಲಕ್ಕೂ ಅದೇ ಟಿ, ಐ, ಓ, ಎನ್. ಪ್ರತಿ ಪ್ರೂಫಿನಲ್ಲೂ ಇನ್ನಷ್ಟು ಸೇರಿಸಿ ಕಳಿಸುವರು. ನಮ್ಮಲ್ಲಿದ್ದ ಇಂಗ್ಲಿಷ್ ಮೊಳೆಗಳೇ ಅಷ್ಟಕ್ಕಷ್ಟೆ. ಕಡೆಗೆ ಎನ್ ಇಡುವ ಖಾನೆ ಬರಿದಾಯಿತು.

ಆಗಲೇ ದಶರಥನ ಮಗಳು ರಾಚವ್ವನ ಲಗ್ನ ಗೊತ್ತಾಯಿತು. ತಾಯಿಯಿಲ್ಲದ ಒಬ್ಬಳೇ ಮಗಳು. ಮುಹೂರ್ತಕ್ಕೆ ತಾನೇ ಮುಂದೆ ನಿಂತು ಅಕ್ಕಿಕಾಳು ಹಾಕಿ ಹರಸಬೇಕೆಂಬುದೊಂದೇ ಅವನ ಆಸೆ. ಬಬಲೇಶ್ವರದ ಬೀಗ ಧೂಳಪ್ಪನದು ಬೇರೆಯೇ ರಗಳೆ.

“ನಮ್ಮ ಹುಡುಗ ಕಚೇರಿಯೊಳಗ ಅದಾನ. ಲಗ್ನಪತ್ರಿಕಿ ಇಂಗ್ಲಿಷ್‌ನ್ಯಾಗ ಆಗಬೇಕ್ರಿ. ಇಲ್ಲಂದ್ರ ಈ ಮಾತ ಬಿಡ್ರಿ.”

ಇನ್ವಿಟೇಶನ್, ರಿಸೆಪ್ಶನ್, ಮತ್ತದೇ ಬಾಲ! ನನಗೆ ಸಿಟ್ಟು ನೆತ್ತಿಗೇರಿತು.

“ಬಿಚ್ಚಲೇ ಆ ವರದಿ! ಅವರು ಈ ಜನ್ಮದಾಗ ಸಹಿ ಹಾಕಂಗಿಲ್ಲ.”

“ಸಹಿ ಆಗದ ಹೆಂಗ ಬಿಚ್ಚಲಿ?” ಎಂದ ದಶರಥ. ಸಹಿ ಕೇಳಲು ತಾನೇ ತಿಕೋಟಾಕ್ಕೆ ಹೋದ. ಹಣಮಂತರಾಯರು ಚಹಾ ಕುಡಿಸಿ, ಇನ್ನೆರಡು ಶಬ್ದ ಸೇರಿಸಿ ಕಳಿಸಿದರು. ಮಗಳ ಲಗ್ನ ಮುರಿಯಬಾರದೆಂದು ದಶರಥ ಗೊಣಗುತ್ತ ಗೊಣಗುತ್ತ ವರದಿ ಬಿಚ್ಚಿದ. ಲಗ್ನಪತ್ರಿಕೆ ಅಚ್ಚಾಯಿತು. ರಾಯರು ಹೇಗೂ ಇನ್ನೂ ತಿದ್ದುತ್ತಾರೆ, ವರದಿ ಆಮೇಲೆ ಜೋಡಿಸಿದರಾಯಿತು ಎಂದುಕೊಂಡ.

ಲಗ್ನದ ಹಿಂದಿನ ದಿನ ಹಣಮಂತರಾಯರು ನಗುನಗುತ್ತ ಬಂದರು. ಪ್ರೂಫಿಗೆ ಸಹಿ! “ನಾಳಿ ಮಧ್ಯಾಹ್ನಕ್ಕ ಬೇಕ್ರಿ, ಸಂಜಿಗೆ ಉದ್ಘಾಟನಾಕ್ಕ ಸಾಹೇಬ್ರು ಬರ್ತಾರ.” ನಾನು ಹಣೆ ಹಣೆ ಬಡಿದುಕೊಂಡೆ. ಇಂಗ್ಲಿಷ್ ಜೋಡಿಸಬಲ್ಲವನು ದಶರಥ ಒಬ್ಬನೇ.

“ಮಗಳ ಲಗ್ನ ಐತಿ, ಆಗಂಗಿಲ್ಲ ಅಂತ ಹೇಳಲೇ!”

“ನಾನ ಬಿಚ್ಚೇನಿ, ನಾನ ಜೋಡಸ್ತೇನಿ. ಮುಹೂರ್ತದೊಳಗ ಅಲ್ಲಿ ಇರ್ತೇನಿ.”

ಮಗಳನ್ನು ಅವಳ ಸೋದರಮಾವ ಬೀರಣ್ಣನ ಜೊತೆ ಬಬಲೇಶ್ವರಕ್ಕೆ ಮುಂದೆ ಕಳಿಸಿದ. ಮರುದಿನ ಬಿಸಿಲೇರಿದರೂ ಮೊಳೆ ಹೆಕ್ಕುತ್ತಲೇ ನಿಂತಿದ್ದ. ಬಯ್ದೆ, ಅಂಗಿ ಹಿಡಿದು ಎಳೆದೆ, ಕಲ್ಲಿಗೆ ಹೇಳಿದಂತಾಯಿತು. ಕೊನೆಗೆ ಅಚ್ಚು ಮುಗಿಸಿ, ಬಸ್ಸು ಹಿಡಿದು ಇಬ್ಬರೂ ಬಬಲೇಶ್ವರ ಮುಟ್ಟಿದಾಗ ಹಂದರದಲ್ಲಿ ಮಂದಿ ಊಟಕ್ಕೆ ಕೂತಿತ್ತು. ಬೀರಣ್ಣನೇ ಮುಂದೆ ನಿಂತು ಲಗ್ನ ಮಾಡಿಸಿದ್ದ.

ರಾಚವ್ವ ಬಾಸಿಂಗ ಕಟ್ಟಿಕೊಂಡೇ ಎದ್ದು ಬಂದಳು. ದಶರಥ ಕೈಯ ಮಸಿಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ, “ಅವರ ಕೆಲಸಕ್ಕ ತಡಾ ಆಗಬಾರದಿತ್ತವ್ವಾ” ಎಂದ.

“ನನ್ನ ಅಕ್ಕಿಕಾಳಿಗೆ ತಡಾ ಆದ್ರ ನಡೀತೈತೇನು, ಯಪ್ಪಾ?” ಎಂದಳು ರಾಚವ್ವ.