ಹರಾಸಿಮನ ಹುಲ್ಲಿನ ಗೋಡೆ

ಕೊಯ್ಲು ಮುಗಿದು ಹೊಲದಲ್ಲಿ ಬರೀ ಕೂಳೆ ಉಳಿದಾಗ ಹರಾಸಿಮ್ ಗೋಧಿಹುಲ್ಲಿನ ಪೆಂಡಿಗಳನ್ನು ಗಾಡಿಗೆ ಹೇರಿಕೊಂಡು ಬರುತ್ತಿದ್ದ. ಮನೆಯ ಸುತ್ತ, ಬುಡದಿಂದ ಕಿಟಕಿಯ ಕೆಳಗಿನವರೆಗೆ, ಒಂದರ ಮೇಲೊಂದು ಒತ್ತಿ ಜೋಡಿಸುತ್ತಿದ್ದ. ಸಂದು ಕಂಡಲ್ಲೆಲ್ಲ ಕೈಯಿಂದ ಹುಲ್ಲು ತುರುಕುತ್ತಿದ್ದ. ಅದರ ಮೇಲೆ ಹಿಮ ಬಿದ್ದು ಗಟ್ಟಿಯಾದ ಮೇಲೆ ಮನೆ ಕಾವಿಗೆ ಕೂತ ಕೋಳಿಯ ಹಾಗೆ ಕಾಣುತ್ತಿತ್ತು. ಸಸ್ಕಾಚೆವಾನ್ ಬಯಲಿನ ನಮ್ಮ ಹಳ್ಳಿಯಲ್ಲಿ ಅಪ್ಪಂದಿರ ಕಾಲದಿಂದ ಎಲ್ಲರೂ ಹೀಗೇ ಮಾಡುತ್ತಿದ್ದರು. ಅವನಷ್ಟು ಬಿಗಿಯಾಗಿ ಮಾತ್ರ ಯಾರೂ ಕಟ್ಟುತ್ತಿರಲಿಲ್ಲ.

ತನ್ನ ಮನೆಯದು ಮುಗಿದ ಮೇಲೆ ಗಂಡಸರಿಲ್ಲದ ಮನೆಗಳಿಗೆ ಹೋಗುತ್ತಿದ್ದ. ನನ್ನ ಗಂಡ ತೀರಿಕೊಂಡ ಮೇಲೆ ನನ್ನ ಮನೆಗೂ ಬಂದ. ಆಲೂಗಡ್ಡೆ ತುಂಬಿದ ಕಡುಬು, ಮೇಲೊಂದಿಷ್ಟು ಹುಳಿ ಕೆನೆ, ಅಷ್ಟೇ ಅವನ ಕೂಲಿ. ಅವನ ಮಗಳ ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಧರ್ಮತಾಯಿಯಾಗಿ ಮಗುವನ್ನು ಎತ್ತಿ ಹಿಡಿದವಳು ನಾನು. ಅಂದಿನಿಂದ ಅವನಿಗೂ ಅವನ ಹೆಂಡತಿ ಯುಸ್ತಿನಾಗೂ ನಾನು ಕುಮಾ. ನಮ್ಮಲ್ಲಿ ಅದು ರಕ್ತಸಂಬಂಧಕ್ಕಿಂತ ಒಂದು ಕೂದಲಷ್ಟೇ ಕಡಿಮೆ.

ಹರಾಸಿಮ್ ಹುಟ್ಟಿದ್ದು ಮಣ್ಣಿನ ಹೆಂಟೆ ಜೋಡಿಸಿ ಕಟ್ಟಿದ ಗುಡಿಸಲಿನಲ್ಲಿ. ಅಲ್ಲಿ ಒಂದು ಬೆಳಿಗ್ಗೆ ಅವನ ಎಳೆಯ ತಮ್ಮ ತೊಟ್ಟಿಲಿನಲ್ಲಿ ತಣ್ಣಗಾಗಿದ್ದನಂತೆ. ಅದನ್ನು ಅವನು ಒಮ್ಮೆ ಮಾತ್ರ ಹೇಳಿದ್ದು, ಅದೂ ಕುದುರೆಯ ಗೊರಸು ಕೆರೆಯುತ್ತಾ, ತಲೆ ಎತ್ತದೆ. ಎಲ್ಲರಿಗೂ ಚಳಿ ಒಂದು ಕಾಲವಾದರೆ ಅವನಿಗೆ ಅದು ಬಾಗಿಲಲ್ಲಿ ಹೊಂಚುಹಾಕಿ ಕೂತ ಪ್ರಾಣಿಯಾಗಿತ್ತು.

ನಾವು ಮುದುಕರಾಗುವ ಹೊತ್ತಿಗೆ ಹಳ್ಳಿಗೆ ಗ್ಯಾಸಿನ ಪೈಪು ಬಂತು. ಕಲ್ಲಿದ್ದಲು ಹೋಯಿತು, ಬೂದಿ ಹೋಯಿತು. ಮನೆಮನೆಯ ನೆಲಮಾಳಿಗೆಯಲ್ಲೂ ಒಂದೊಂದು ಗ್ಯಾಸ್ ಫರ್ನೇಸ್ ಕೂತು ಮನೆಯನ್ನೆಲ್ಲ ಬೆಚ್ಚಗಿಡತೊಡಗಿತು. ಅದನ್ನು ಜೋಡಿಸಲು ಬಂದವನು ಪ್ರತಿ ಮನೆಯಲ್ಲೂ ಒಂದೇ ಮಾತು ಹೇಳಿದ. ಕಿಂಡಿಯಲ್ಲಿ ಕಾಣುವ ಉರಿ ನೀಲಿಯಾಗಿರಬೇಕು. ಧೂಳಿನ ಜಾಲರಿಯನ್ನು ತಪ್ಪದೆ ಬದಲಿಸಬೇಕು. ವರ್ಷಕ್ಕೊಮ್ಮೆ ತಿಳಿದವರಿಂದ ಹೊಗೆಕೊಳವೆ ನೋಡಿಸಬೇಕು. ಗೋಡೆಯಿಂದ ಒಳಗೆ ಇಳಿಯುವ ತಗಡಿನ ಕೊಳವೆ ಫರ್ನೇಸಿನ ಮೂಗು. ಅದರಿಂದ ಎಷ್ಟೇ ಚಳಿ ಸುರಿದರೂ ಮುಚ್ಚಬಾರದು. ನಾನು ಪ್ರತಿ ಶನಿವಾರ ಕೆಳಗಿಳಿದು ಕಿಂಡಿಯಲ್ಲಿ ಇಣುಕುತ್ತಿದ್ದೆ. ಉರಿ ಅಗಸೆಯ ಹೂವಿನ ಬಣ್ಣದಲ್ಲಿ ಸಾಲಾಗಿ ನಿಂತಿರುತ್ತಿತ್ತು, ಗಾಳಿಯಿಲ್ಲದ ಬೆಳಗಿನ ಹೊಲದಂತೆ. ಹರಾಸಿಮ್ ಪೆಂಡಿ ಜೋಡಿಸಲು ಬಂದಾಗ ಆ ಕೊಳವೆಯ ಹೊರಬಾಯಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಅವನು ನಗುತ್ತಿದ್ದ.

"ದುಡ್ಡು ಕೊಟ್ಟು ಬಿಸಿ ತರಿಸ್ತಾರೆ, ಆಮೇಲೆ ತೂತು ಕೊರೆದು ಚಳೀನೂ ಊಟಕ್ಕೆ ಕರೀತಾರಲ್ಲ ಕುಮಾ" ಎನ್ನುತ್ತಿದ್ದ.

ಯುಸ್ತಿನಾ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅವನು ತನ್ನ ಮನೆಗೆ ಕಟ್ಟಿದ ಗೋಡೆಯನ್ನು ನೋಡಲು ಜನ ಬಂದರು. ಪೆಂಡಿಗಳು ಎರಡು ಸಾಲು. ಕಿಟಕಿಗಳಿಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ, ಬಾಗಿಲಿನ ಅಂಚಿಗೆ ಕುರಿಚರ್ಮ. ಇವಳ ಕಾಲಿಗೆ ಚಳಿ ಸೋಕಬಾರದು, ಅಷ್ಟೇ ಅವನ ಆಸೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಗರಿಯ ರಜಾಯಿಯೊಳಗೆ ಅವಳು ಮಲಗಿದ್ದಳು, ಕೆನ್ನೆ ಕೆಂಪಾಗಿ.

ನಾನು ಮಧ್ಯಾಹ್ನ ಬೀಟ್‌ರೂಟ್ ಸಾರು ತೆಗೆದುಕೊಂಡು ಹೋಗುತ್ತಿದ್ದೆ. ಆ ಮನೆಯೊಳಗೆ ಕಾಲಿಟ್ಟರೆ ಹೊಳೆಯ ತಳಕ್ಕೆ ಇಳಿದ ಹಾಗಿತ್ತು. ಕಿಟಕಿಗಳ ಮೇಲೆ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಗಡಿಯಾರದ ಟಿಕ್‌ಟಿಕ್ ಎಲ್ಲೋ ದೂರದ ಹಿತ್ತಲಿನಲ್ಲಿ ಯಾರೋ ಸೌದೆ ಒಡೆಯುವಂತೆ ಕೇಳುತ್ತಿತ್ತು. ಯುಸ್ತಿನಾ ಕಣ್ಣು ಮುಚ್ಚಿಕೊಂಡೇ ಕನಸು ಹೇಳುತ್ತಿದ್ದಳು. ತೀರಿಹೋದ ಅವಳ ಅಕ್ಕ ಹೂಬಿಟ್ಟ ಅಗಸೆಯ ಹೊಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದಂತೆ ಬರುತ್ತಾಳಂತೆ, ಮಡಿಲಲ್ಲಿ ಬಿಸಿ ರೊಟ್ಟಿ ಇಟ್ಟುಕೊಂಡು. ನಿನ್ನೆಗಿಂತ ಇವತ್ತು ಒಂದು ಹೆಜ್ಜೆ ಹತ್ತಿರ ಬಂದಳಂತೆ. ಕೇಳುತ್ತಾ ಕೇಳುತ್ತಾ ನನ್ನ ಕೈಯ ಹೆಣಿಗೆ ತಾನಾಗಿ ನಿಲ್ಲುತ್ತಿತ್ತು. ಬಿಸಿ ರೊಟ್ಟಿಯ ವಾಸನೆ ನನಗೂ ಬಂದಂತಾಗುತ್ತಿತ್ತು.

ಮುರಿದ ಮೂಳೆಯ ನೋವು, ವಯಸ್ಸು, ನಿದ್ದೆ ಸಹಜ ಎಂದು ಪಟ್ಟಣದ ವೈದ್ಯರು ಹೇಳಿದ್ದರು. ಹರಾಸಿಮ್ ಬೇರೆಯೇ ಅರ್ಥ ಮಾಡಿಕೊಂಡಿದ್ದ. ಅಕ್ಕ ಬಂದು ತಲುಪಿದ ದಿನ ಇವಳು ಹೋಗುತ್ತಾಳೆ ಎಂದು ಬಾಗಿಲ ಬಳಿ ಪಿಸುದನಿಯಲ್ಲಿ ಹೇಳಿದ. ಹೋಗುವಾಗ ತೊಡಿಸಲೆಂದು ಅವಳ ಕಸೂತಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಇಸ್ತ್ರಿ ಮಾಡಿ ಇಟ್ಟಿದ್ದ. ಹೋಗುವವಳು ಬೆಚ್ಚಗಾದರೂ ಹೋಗಲಿ ಎಂದು ಫರ್ನೇಸನ್ನು ಇನ್ನಷ್ಟು ಏರಿಸಿದ್ದ.

ನನಗೆ ಒಂದು ವಿಷಯ ತಾಳೆಯಾಗಲಿಲ್ಲ. ಆ ಮನೆಯಲ್ಲಿ ದಿನವೂ ನನ್ನ ಹಣೆ ಬಿಗಿಯುತ್ತಿತ್ತು, ನಮ್ಮ ಗೇಟಿಗೆ ಬರುವಷ್ಟರಲ್ಲಿ ಬಿಟ್ಟುಹೋಗುತ್ತಿತ್ತು. ಚಳಿಗೆ ತಲೆನೋವು ಬರುವುದನ್ನು ಕಂಡಿದ್ದೆ. ಚಳಿಗೆ ಹೋಗುವುದನ್ನು ಕಂಡಿರಲಿಲ್ಲ.

ಆ ದಿನ ಯುಸ್ತಿನಾಗೆ ಉಪ್ಪಿನ ಸೌತೆಕಾಯಿ ತಿನ್ನಬೇಕೆನಿಸಿತು. ಜಾಡಿ ತರಲು ನೆಲಮಾಳಿಗೆಗೆ ಇಳಿದೆ. ಫರ್ನೇಸಿನ ಮುಂಭಾಗದಲ್ಲಿ ಮಸಿ ಹತ್ತಿತ್ತು. ಕಿಂಡಿಯಲ್ಲಿ ಉರಿ ಸಾಸಿವೆ ಹೂವಿನಂತೆ ಹಳದಿಯಾಗಿ ಅತ್ತಿತ್ತ ತೂಗಾಡುತ್ತಿತ್ತು, ನೋಡುತ್ತಾ ನಿಲ್ಲಬೇಕೆನ್ನುವಷ್ಟು ಚೆಂದ. ತಗಡಿನ ಕೊಳವೆಯ ಕೆಳಗೆ ಅಂಗೈ ಹಿಡಿದೆ. ಗಾಳಿಯ ಸುಳಿವೇ ಇರಲಿಲ್ಲ. ಗುಂಡಿ ಒತ್ತಿ ಫರ್ನೇಸ್ ಆರಿಸಿದೆ, ಗ್ಯಾಸ್ ನಿಲ್ಲುವಂತೆ ಅದರ ಹಿಡಿಯನ್ನು ಪೈಪಿಗೆ ಅಡ್ಡ ತಿರುಗಿಸಿದೆ, ಜಾಡಿ ಅಲ್ಲೇ ಬಿಟ್ಟು ಮೇಲೆ ಬಂದೆ. ಎರಡೂ ಬಾಗಿಲು ತೆರೆದು, ಯುಸ್ತಿನಾಳನ್ನು ಈಗಲೇ ನನ್ನ ಮನೆಗೆ ಒಯ್ಯಬೇಕು ಎಂದೆ.

"ತಲೆ ಕೆಟ್ಟಿದೆಯಾ ಕುಮಾ? ಹೊರಗೆ ಉಗುಳಿದ್ದು ನೆಲ ಮುಟ್ಟೋ ಮುಂಚೆ ಕಲ್ಲಾಗ್ತಿದೆ. ಇವಳನ್ನ ಆಚೆ ಒಯ್ದರೆ ನನ್ನ ಕೈಯಾರೆ ಕೊಂದ ಹಾಗೆ." ಅವನು ಬಾಗಿಲು ಮುಚ್ಚಲು ಬಂದ.

ನಾನು ಹೊಸ್ತಿಲಲ್ಲೇ ನಿಂತೆ. "ಫರ್ನೇಸಿಗೆ ಉಸಿರು ಸಾಲ್ತಿಲ್ಲ. ತನ್ನ ವಿಷಾನೆಲ್ಲ ಮನೆಯೊಳಗೇ ಬಿಡ್ತಿದೆ. ನಿನಗೂ ತಲೆನೋವಿದೆ ತಾನೆ?"

"ಇದೆ. ವಯಸ್ಸಾಗಿಲ್ವಾ?"

"ದನಕ್ಕೆ ಹುಲ್ಲು ಹಾಕೋಕೆ ಕೊಟ್ಟಿಗೆಗೆ ಹೋದಾಗ?"

ಅವನು ಬಾಗಿಲಿನ ಮೇಲೆ ಕೈಯಿಟ್ಟಿದ್ದ. ಕೈ ಮೆಲ್ಲಗೆ ಕೆಳಗಿಳಿಯಿತು.

"ಬಿಡುತ್ತೆ" ಎಂದ.

ರಜಾಯಿ ಸಮೇತ ಅವಳನ್ನು ಸೌದೆ ಎಳೆಯುವ ಜಾರುಬಂಡಿಯ ಮೇಲೆ ಮಲಗಿಸಿದೆವು. ಅವನು ಎಳೆದ, ನಾನು ಸೊಂಟದ ಕಡೆ ಅಲುಗದಂತೆ ಹಿಡಿದುಕೊಂಡೆ. ಗಾಳಿಯಲ್ಲಿ ಹಿಮದ ಪುಡಿ ಮಿನುಗುತ್ತಿತ್ತು. ಅಂಥ ಚಳಿಯಲ್ಲಿ ಕಾಣುವ ಹಾಗೆ ಸೂರ್ಯನ ಎರಡು ಪಕ್ಕದಲ್ಲೂ ಒಂದೊಂದು ಮರಿಸೂರ್ಯ ನಿಂತಿದ್ದವು, ಮೂರೂ ನಮ್ಮನ್ನೇ ನೋಡುವಂತೆ. ಅಂಗಳದ ನಡುವೆ ಯುಸ್ತಿನಾ ಕಣ್ಣು ಬಿಟ್ಟಳು.

"ಯಾರ ಮದುವೆಗೆ ಹೋಗ್ತಿದ್ದೀವಿ?"

"ನಮ್ಮದಕ್ಕೇ. ಮಾತಾಡಬೇಡ, ಬಾಯಿಗೆ ಚಳಿ ಹೊಗುತ್ತೆ" ಎಂದ ಹರಾಸಿಮ್, ತಿರುಗಿ ನೋಡದೆ.

ನನ್ನ ಮನೆಯಿಂದ ಫೋನ್ ಮಾಡಿದೆವು. ಆಂಬ್ಯುಲೆನ್ಸಿನವರು ಬಂದು ಇಬ್ಬರನ್ನೂ ಪಟ್ಟಣಕ್ಕೆ ಒಯ್ದು ಮೂಗಿಗೆ ಗಾಳಿಯ ಕೊಳವೆ ಇಟ್ಟರು, ನನ್ನನ್ನೂ ಬಿಡಲಿಲ್ಲ. ರಕ್ತದಲ್ಲಿ ವಿಷ ಕಂಡಿತು. ಗ್ಯಾಸಿನವನು ಬಂದು ಹುಲ್ಲಿನೊಳಗೆ ಮೊಳಕೈವರೆಗೆ ಕೈ ಹಾಕಿ ಕೊಳವೆಯ ಬಾಯಿ ಹುಡುಕಿದನಂತೆ. ಮಸಿ ತೆಗೆದು, ಹೊಗೆ ಸರಿಯಾಗಿ ಮೇಲೇರುವುದನ್ನು ಅಳೆದು ನೋಡಿದ ಮೇಲಷ್ಟೇ ಮತ್ತೆ ಹಚ್ಚಿದ. ಹರಾಸಿಮ್ ಊರಿಗೆ ಬಂದವನೇ ಆ ಬದಿಯ ಪೆಂಡಿಗಳನ್ನೆಲ್ಲ ಕಿತ್ತು ದನಕ್ಕೆ ಹಾಕಿದ. ಯಾರ ಸಹಾಯವನ್ನೂ ತೆಗೆದುಕೊಳ್ಳಲಿಲ್ಲ.

ಯುಸ್ತಿನಾ ಮನೆಗೆ ಮರಳಿದ ದಿನ ನಾನು ಅಲ್ಲೇ ಇದ್ದೆ. ಕಿಟಕಿಗಳು ಒಣಗಿದ್ದವು. ಮಲಗಿದ ಸ್ವಲ್ಪ ಹೊತ್ತಿಗೇ ಅವಳು ಮೂಗು ಸಿಂಡರಿಸಿದಳು. ನೆಲದಿಂದ ಚಳಿ ಏಳುತ್ತಿದೆ, ಎಲ್ಲೋ ತೂತಿದೆ, ಹೋಗಿ ಮುಚ್ಚು ಎಂದಳು. ಇವಳು ಕೇಳಿದ್ದಕ್ಕೆ ಇಲ್ಲವೆನ್ನಲು ತಿಳಿಯದ ಗಂಡಸು ಅವನು.

"ಮುಚ್ಚಲ್ಲ" ಎಂದ. ಹಾಸಿಗೆಯ ತುದಿಗೆ ಕೂತು ಕೋಟಿನ ಗುಂಡಿ ಬಿಚ್ಚಿ, ಅವಳ ಎರಡು ಪಾದಗಳನ್ನೂ ಮೆತ್ತಗೆ ಎದೆಯೊಳಗೆ ಇಟ್ಟುಕೊಂಡ.

ಅವಳು ಸೂರು ನೋಡುತ್ತಾ ಅಂದಳು. "ಅಕ್ಕ ಬರೋದೇ ನಿಂತೋಯ್ತು. ನೀನೇ ಏನೋ ಅಂದಿರ್ಬೇಕು ಅವಳಿಗೆ."

"ಅಂದೆ. ನಾನಿನ್ನೂ ಇದ್ದೀನಿ, ನಿನಗೇನು ಅವಸರ ಅಂದೆ."

ಯುಸ್ತಿನಾ ಅವನ ಎದೆಗೆ ಒಂದು ಸಣ್ಣ ಒದೆ ಕೊಟ್ಟಳು, ನೋವಿಲ್ಲದ ಕಡೆಯ ಕಾಲಿನಿಂದ.