ಉಸಿರು ಹಿಡಿದಷ್ಟು ಹೊತ್ತು

ದುಬೈಯಲ್ಲಿ ನಾಲ್ಕು ಮಂದಿ ಕನ್ನಡಿಗರು ಸೇರಿದರೆ ಒಂದು ಸಂಘ, ಸಂಘವಾದರೆ ಒಂದು ಬ್ಯಾನರ್, ಬ್ಯಾನರ್ ಬಂದರೆ ಒಬ್ಬ ಮುಖ್ಯ ಅತಿಥಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಈ ಮೂರೂ ಸೇರಿ ನಮ್ಮ ಬೆನ್ನಣ್ಣನಿಗೆ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೆನ್ನಣ್ಣ ಅಂದರೆ ಬೆನೆಡಿಕ್ಟ್ ತಾವ್ರೊ, ಕಲ್ಯಾಣಪುರದವರು. ಕರಾಮದ ಹಳೆಯ ಫ್ಲ್ಯಾಟಿನಲ್ಲಿ ಹೆಂಡತಿ ಮಾರ್ಟಿನಾ ಜೊತೆ ವಾಸ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಪ್ರಾಯವನ್ನೆಲ್ಲ ಕಳೆದವರು. ಅವರ ಬಾಯಲ್ಲಿ ‘ಬೇಡ’ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ರಜೆಯ ದಿನ ಕರೆದರೂ ಹೋಗುತ್ತಿದ್ದರು, ಇನ್ನೊಬ್ಬರ ಡ್ಯೂಟಿಯನ್ನೂ ಮಾಡಿ ಬರುತ್ತಿದ್ದರು. ಮಾರ್ಟಿನಾ ಬೈದರೆ ನಗುತ್ತಿದ್ದರು. ತನಗೆಂದು ಅವರು ಇಟ್ಟುಕೊಂಡದ್ದು ಗಾಳ ಹಾಕುವ ಹವ್ಯಾಸ ಒಂದನ್ನೇ.

ಆ ಗಾಳಕ್ಕೆ ನೀತಿ ಕಲಿಸಿದ್ದು ಎಮ್ರಿಸ್ ಎಂಬ ವೇಲ್ಸ್ ದೇಶದ ಮುದುಕ. ಅದೇ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಕಡಲಕಟ್ಟೆಯ ಬಂಡೆಗಳ ಮೇಲೆ ಕೂತು ತಮ್ಮೂರ ಗಾಳದ ಕ್ಲಬ್ಬಿನ ಕತೆ ಹೇಳುತ್ತಿದ್ದರಂತೆ. ಸಾಲ್ಮನ್, ಸೀ ಟ್ರೌಟ್ ಎಂಬ ಮೀನುಗಳು ಮೊಟ್ಟೆಯಿಡಲು ಕಡಲಿನಿಂದ ಅವರ ಹೊಳೆಗೆ ಏರಿ ಬರುತ್ತವೆ. ಬರುಬರುತ್ತಾ ಅವು ಕಡಿಮೆಯಾದವು. ಈಗ ಕ್ಲಬ್ಬಿನವರು ಹಿಡಿದದ್ದನ್ನೆಲ್ಲ ನೀರಿಗೇ ಬಿಡುತ್ತಾರೆ. ಮೀನನ್ನು ನೀರಿನಿಂದ ಎತ್ತಲೇಬಾರದು. ಎತ್ತಲೇಬೇಕಾದರೆ ಆ ಕ್ಷಣ ನೀನೂ ಉಸಿರು ಹಿಡಿ, ನಿನಗೆ ತಡೆಯದಾದಾಗ ಅದಕ್ಕೂ ತಡೆಯದು ಅಂತ ತಿಳಿ. ಎಮ್ರಿಸ್ ಊರಿಗೆ ಹೋದ ಮೇಲೂ ಈ ಮಾತು ಬೆನ್ನಣ್ಣನಲ್ಲಿ ಉಳಿಯಿತು. ಸಣ್ಣ ಮೀನನ್ನು ಗಾಳದಿಂದ ಬಿಡಿಸುವಾಗಲೂ ಕೆನ್ನೆ ಉಬ್ಬಿಸಿ ಉಸಿರು ಕಟ್ಟುತ್ತಿದ್ದರು. ನಾವು ನಗುತ್ತಿದ್ದೆವು.

ನಮ್ಮ ಗಾಳದ ಬಳಗ ಹುಟ್ಟಿದ್ದು ಅವರಿಂದಲೇ. ಇಲ್ಲಿ ಹಮ್ಮೂರ್ ಎನ್ನುವುದು ನಮ್ಮೂರ ಮುರು ಮೀನಿನ ಜಾತಿ. ಹೆಣ್ಣಾಗಿ ಹುಟ್ಟಿ, ಪ್ರಾಯವಾದ ಮೇಲೆ ಗಂಡಾಗುತ್ತದೆ. ದೊಡ್ಡದೆಲ್ಲ ಹೋಟೆಲಿನ ತಟ್ಟೆ ಸೇರಿದರೆ ಸಂತಾನ ಹೇಗೆ ಬೆಳೆಯಬೇಕು? ಹಾಗಾಗಿ ದೊಡ್ಡ ಹಮ್ಮೂರ್ ಸಿಕ್ಕಿದರೆ ಬಿಟ್ಟೇಬಿಡುವುದು ಬಳಗದ ನಿಯಮ. ನಿಯಮವೇನೋ ಇತ್ತು, ಮೀನೇ ಇರಲಿಲ್ಲ. ವರ್ಷಗಟ್ಟಲೆ ಕಾದರೂ ಗೇಣುದ್ದದವೇ ಬಂದವು. ಊರಿಗೆ ಹೋಗುವ ಮೊದಲು ಒಂದೇ ಒಂದು ದೊಡ್ಡ ಹಮ್ಮೂರನ್ನು ಕೈಯಾರೆ ಕಡಲಿಗೆ ಬಿಡಬೇಕು ಎಂಬುದು ಬೆನ್ನಣ್ಣನ ಆಸೆ.

ಕೊನೆಗೆ ಕೆಲಸ ಮುಗಿಯಿತು, ವೀಸಾ ಕ್ಯಾನ್ಸಲ್ ಆಯಿತು. ಮೇ ತಿಂಗಳ ಒಂದು ಭಾನುವಾರ ಕಡಲಕಟ್ಟೆಯಲ್ಲೇ ಬೀಳ್ಕೊಡುಗೆ ಇಟ್ಟೆವು. ಅಂದು ಬೆಳಿಗ್ಗೆ, ನಾವು ಬ್ಯಾನರ್ ಕಟ್ಟುತ್ತಿದ್ದಾಗ, ಅವರ ಗಾಳಕ್ಕೆ ಬಿತ್ತು ನೋಡಿ, ತೋಳುದ್ದದ ಹಮ್ಮೂರ್. ಬಂಡೆಗಳ ನಡುವಿನ ನೀರಿನಲ್ಲೇ ಅದನ್ನು ತಬ್ಬಿ ಹಿಡಿದು ಬೆನ್ನಣ್ಣ ಅತ್ತುಬಿಟ್ಟರು.

ಆಗಲೇ ಬಿಟ್ಟಿದ್ದರೆ ಮುಗಿದಿತ್ತು. ಆದರೆ ಬಳಗದ ಅಧ್ಯಕ್ಷ ಇಮ್ತಿಯಾಜ್ ಓಡಿ ಬಂದ. ಒಳ್ಳೆಯವನೇ, ಮೊಬೈಲ್ ಅಂಗಡಿಯವನು, ಎಲ್ಲವನ್ನೂ ಚಂದ ಮಾಡಬೇಕೆಂಬ ಹುಚ್ಚು.

“ಬೆನ್ನಣ್ಣ, ಸ್ವಲ್ಪ ತಡೀರಿ ಮಾರಾಯ್ರೆ. ಗೆಸ್ಟ್ ಬರ್ಲಿ, ಅವರ ಕೈಯಲ್ಲೇ ಬಿಡಿಸುವ. ಎಲ್ಲರಿಗೂ ಗೊತ್ತಾಗ್ಬೇಕಲ್ಲ ನಾವು ಎಂತ ಮಾಡ್ತೇವೆ ಅಂತ.”

ಬೆನ್ನಣ್ಣ ಬಾಯಿ ತೆರೆದರು. ಹೊರಬಂದದ್ದು ‘ಆಯ್ತು’ ಎಂಬ ಮಾತೇ.

ತಂಪುಪಾನೀಯದ ದೊಡ್ಡ ಐಸ್‌ಬಾಕ್ಸ್ ಖಾಲಿ ಮಾಡಿ, ಕಡಲ ನೀರು ತುಂಬಿ ಮೀನನ್ನು ಅದರಲ್ಲಿಟ್ಟರು. ಮುಖ್ಯ ಅತಿಥಿ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಿಂದ ಹೊರಟಿದ್ದಾರೆ ಎಂದರು. ಆಮೇಲೆ ದಾರಿಯಲ್ಲಿದ್ದಾರೆ ಎಂದರು. ಬಿಸಿಲು ಏರಿತು, ಬಾಕ್ಸಿನ ನೀರು ಬಿಸಿಯಾಯಿತು. ಬೆನ್ನಣ್ಣ ಬಕೆಟ್ ಹಿಡಿದು ಬಂಡೆ ಇಳಿದರು, ಹತ್ತಿದರು, ಮತ್ತೆ ಇಳಿದರು. ನೀರು ಬದಲಾಯಿಸಿದಾಗ ಮೀನು ನೆಟ್ಟಗಾಗುವುದು, ಸ್ವಲ್ಪ ಹೊತ್ತಿಗೆ ಮತ್ತೆ ಮಗ್ಗುಲಾಗುವುದು. ಬಿಟ್ಟುಬಿಡಲಾ ಎಂದು ಅವರು ಇಮ್ತಿಯಾಜನನ್ನು ಕೇಳಿದರು, ನನ್ನನ್ನು ಕೇಳಿದರು, ಬ್ಯಾನರಿನವನನ್ನೂ ಕೇಳಿದರು. ಐದೇ ನಿಮಿಷ ಎಂದೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅತಿಥಿ ಬಂದರು. ಬೆನ್ನಣ್ಣನಿಗೆ ಶಾಲು ಹೊದೆಸಿ, ಹಾರ ಹಾಕಿ, ಮೈಸೂರು ಪೇಟ ಇಟ್ಟಾಯಿತು. ಭಾಷಣವೂ ಆಯಿತು. ಕಡಲಿನ ಸಂಪತ್ತನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ ಎಂದಾಗ ಚಪ್ಪಾಳೆ ತಟ್ಟಿದೆವು. ಆಮೇಲೆ ಅತಿಥಿಯೂ ಬೆನ್ನಣ್ಣನೂ ಎರಡು ಕಡೆಯಿಂದ ಮೀನನ್ನು ಎತ್ತಿ ಹಿಡಿದರು. ಬೆನ್ನಣ್ಣ ಉಸಿರು ಕಟ್ಟಿದರು.

ಒಂದು ಫೋಟೊ. ಬ್ಯಾನರ್ ಓರೆಯಾಗಿದೆಯೆಂದು ಇನ್ನೊಂದು. ಹೆಂಗಸರೂ ಬನ್ನಿ ಎಂದು ಮತ್ತೊಂದು. ಬೆನ್ನಣ್ಣನ ಮುಖ ಕೆಂಪಾಯಿತು, ಕಪ್ಪಾಯಿತು, ಕುತ್ತಿಗೆಯ ನರ ಎದ್ದು ನಿಂತಿತು. ತಮಾಷೆ ಮಾಡುತ್ತಿದ್ದಾರೆಂದು ಯಾರೋ ನಕ್ಕರು. ಅತಿಥಿಯ ಮೊಬೈಲಿನಲ್ಲೂ ಒಂದು ತೆಗೆಯಿರಿ ಎಂದಾಗ ಅವರಿಗೆ ತಡೆಯಲಾಗಲಿಲ್ಲ. ಬಾಯಿ ಬಿಟ್ಟು ಏದುಸಿರು ಎಳೆದವರೇ ಮೀನನ್ನು ಕಸಿದುಕೊಂಡು, ಶಾಲು ಪೇಟದ ಸಮೇತ ನೀರಿಗೆ ಇಳಿದರು.

ಎದೆಮಟ್ಟದ ನೀರಿನಲ್ಲಿ ನಿಂತು, ಕಿವಿರಿನೊಳಗೆ ನೀರು ಹೋಗಲೆಂದು ಅದನ್ನು ಮುಂದಕ್ಕೆ ತಳ್ಳುತ್ತಾ ನಡೆದರು. ಕೈ ಸಡಿಲಿಸಿದರೆ ಮಗುಚುತ್ತಿತ್ತು. ಎತ್ತಿ ನಿಲ್ಲಿಸಿದರು, ಮತ್ತೆ ತಳ್ಳಿದರು. ಏನೋ ಹೇಳಿ ಬೇಡಿಕೊಳ್ಳುತ್ತಿದ್ದರು. ಅತಿಥಿ ಹೋದರು, ಬಿರಿಯಾನಿ ಹಂಚಿ ಆಯಿತು, ಬೆನ್ನಣ್ಣ ಬರಲಿಲ್ಲ. ಕಡೆಗೆ ಮಾರ್ಟಿನಾ ಸೀರೆಯಲ್ಲೇ ನೀರಿಗೆ ಇಳಿದು ಗಂಡನ ತೋಳು ಹಿಡಿದರು.

“ಬಿಡಿ ಬೆನ್ನ. ಅದು ಯಾವಾಗ್ಲೋ ಹೋಯ್ತು.”

ಊರಿಗೆ ಹೊರಟ ದಿನ ಇಮ್ತಿಯಾಜ್ ಆ ಫೋಟೊಗೆ ಚೌಕಟ್ಟು ಹಾಕಿಸಿ ಏರ್‌ಪೋರ್ಟಿಗೆ ತಂದಿದ್ದ. ಚಂದದ ಫೋಟೊ. ನಾವೆಲ್ಲ ನಗುತ್ತಿದ್ದೇವೆ, ಕೆನ್ನೆ ಉಬ್ಬಿಸಿ ನಿಂತಿರುವುದು ಅವರೊಬ್ಬರೇ. ಬೆನ್ನಣ್ಣ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಇಮ್ತಿಯಾಜನ ಕೈಗೇ ಹಿಂದಿರುಗಿಸಿದರು.

“ಬೇಡ,” ಎಂದರು.